ಮವಾಲೇಹ್ ಮೊದಲು ಕೈ ಎತ್ತುತ್ತಿದ್ದ ಕಾಲ

ಮಸ್ಕತ್ತಿನ ಅಂಚಿನಲ್ಲಿರುವ ರುಸೈಲಿನ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಂದು ಟಿ.ವಿ. ಇದೆ. ಅದರ ರಿಮೋಟು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಅದು ತನಗೆ ಮನಸ್ಸು ಬಂದದ್ದನ್ನು ತೋರಿಸುತ್ತದೆ, ನಾವು ನಮ್ಮ ಪಾಡಿಗೆ ತಿನ್ನುತ್ತೇವೆ. ಮೊನ್ನೆ ಬುಧವಾರ ಪರೋಟದ ಕೊನೆಯ ತುಂಡಿನಿಂದ ನಾನು ತಟ್ಟೆ ಒರೆಸುತ್ತಿದ್ದಾಗ ಅದು ಅಮೆರಿಕವನ್ನು ತೋರಿಸುತ್ತಿತ್ತು. ಎಲ್ಲಿ ನೋಡಿದರೂ ಹಿಮ. ಉಣ್ಣೆಯ ಟೊಪ್ಪಿ ಹಾಕಿಕೊಂಡ ಒಬ್ಬ ಅಜ್ಜಿಯ ಮೂತಿಗೆ ಯಾರೋ ಮೈಕು ಹಿಡಿದಿದ್ದರು. ಅಧ್ಯಕ್ಷ ಪದವಿಗೆ ಯಾವ ಪಕ್ಷದಿಂದ ಯಾರು ನಿಲ್ಲಬೇಕೆಂದು ಎಲ್ಲರಿಗಿಂತ ಮೊದಲು ಹೇಳುವ ಪುಟ್ಟ ರಾಜ್ಯವಂತೆ ಅದು. ಅವರು ಏನು ಹೇಳುತ್ತಾರೋ ಎಂದು ಉಳಿದ ದೇಶ ಬಾಯಿ ನೋಡಿಕೊಂಡು ಕುಳಿತಿರುತ್ತದಂತೆ. ಅಭ್ಯರ್ಥಿಗಳೆಲ್ಲ ಅಜ್ಜಿಯ ಕೈ ಕುಲುಕಿ ಹೋಗಿದ್ದಾರೆ, ಒಬ್ಬಾತ ಆಕೆಯ ಅಡುಗೆಮನೆಯಲ್ಲೇ ಕುಳಿತು ಹರಟೆ ಹೊಡೆದಿದ್ದಾನೆ, ಆದರೂ ಅಜ್ಜಿ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಆಮೇಲೆ ಕೋಟು ತೊಟ್ಟ ಇಬ್ಬರು ಪಂಡಿತರು ಬಂದು, ಮೊದಲು ಓಟು ಹಾಕುವ ಇಂಥವರಿಗೆ ನಿಜವಾಗಿ ಎಷ್ಟು ಗೊತ್ತಿರುತ್ತದೆ ಎಂದು ಜಗಳ ಶುರು ಮಾಡಿದರು.

ನನಗೆ ನಗು ಬಂತು. ಎದುರಿಗೆ ಕುಳಿತಿದ್ದ ಪೇಶಾವರದ ಫೋರ್ಕ್‌ಲಿಫ್ಟ್ ಡ್ರೈವರು "ಕ್ಯಾ ಹುವಾ?" ಎಂದ.

"ಕುಛ್ ನಹೀ ಭಾಯ್, ಇದು ನಮ್ಮ ಮವಾಲೇಹ್" ಎಂದು ಹಿಂದಿಗೆ ಕನ್ನಡ ಸೇರಿಸಿ ಹೇಳಿದೆ. ಅವನು ಹಿಮವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ತನ್ನ ದಾಲ್‌ಗೆ ಮರಳಿದ.

ನಿಮಗಾದರೆ ಬಿಡಿಸಿ ಹೇಳಬಹುದು. ನಾಲ್ಕು ವರ್ಷದ ಹಿಂದೆ ನಾನು ಪುತ್ತೂರಿನಿಂದ ಹೊಸದಾಗಿ ಬಂದು, ನೀರಿನ ಪ್ಲಾಸ್ಟಿಕ್ ಟ್ಯಾಂಕಿಗಳನ್ನು ಲಾರಿ ಹತ್ತಿಸುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದೆ. ಇದ್ದದ್ದು ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರುಕಟ್ಟೆಯ ಹಿಂದಿನ ಒಂದು ಫ್ಲ್ಯಾಟಿನಲ್ಲಿ. ಬೆಳಿಗ್ಗೆ ಕಿಟಕಿ ತೆರೆದರೆ ಕೊತ್ತಂಬರಿ ಸೊಪ್ಪಿನ ಪರಿಮಳ, ಮುಚ್ಚಲು ಮರೆತರೆ ಮಧ್ಯಾಹ್ನ ಕೊಳೆತ ಟೊಮೆಟೊ. ನನ್ನಲ್ಲಿದ್ದ ಒಂದೇ ಬಂಡವಾಳವೆಂದರೆ ಗಂಟಲು. ಯಾರನ್ನಾದರೂ ಸ್ವಲ್ಪ ಹೊತ್ತು ನೋಡಿದರೆ ಸಾಕು, ಅವರ ಹಾಗೆ ಕೆಮ್ಮಿ, ಅವರ ಹಾಗೆ ಎದ್ದು, ಅವರ ಹಾಗೆಯೇ ಬಾಗಿಲು ಹಾಕುತ್ತಿದ್ದೆ. ಊರಲ್ಲಿ ಇದಕ್ಕೆ ಪೆಟ್ಟು ಬೀಳುತ್ತಿತ್ತು. ಇಲ್ಲಿ ಊಟ ಸಿಗುತ್ತಿತ್ತು. ಪರದೇಶಕ್ಕೆ ಬಂದು ಮನುಷ್ಯ ಉದ್ಧಾರವಾಗುತ್ತಾನೆ ಎನ್ನುತ್ತಾರಲ್ಲ, ನನ್ನ ಉದ್ಧಾರ ಅಷ್ಟು.

ಆಗಲೇ ನಮ್ಮದೊಂದು ಕನ್ನಡ ಕೂಟವಿತ್ತು, ಈಗಲೂ ಇದೆ. ಹಬ್ಬಕ್ಕೆ ಸೇರಿ ಉಣ್ಣುವ, ಉಂಡದ್ದಕ್ಕೆ ಸಮಾಧಾನವಾಗಲೆಂದು ನಾಲ್ಕು ಹಾಡು ಹೇಳುವ ಕೂಟ. ಅದಕ್ಕೆ ವರ್ಷಕ್ಕೊಬ್ಬ ಅಧ್ಯಕ್ಷ. ಹೊರಗಿನವರಿಗೆ ಇದು ಮಕ್ಕಳಾಟವೆನ್ನಿಸಬಹುದು. ಆದರೆ ಯೋಚಿಸಿ, ಊರಿನ ಚುನಾವಣೆಗೆ ನಾವು ಊರಲ್ಲಿರುತ್ತಿರಲಿಲ್ಲ. ಇಲ್ಲಿಯ ಚುನಾವಣೆ ನಮ್ಮದಲ್ಲ. ನಮ್ಮ ವೀಸಾ ಹಿಡಿದಿರುವ ಧಣಿ, ಕಫೀಲನನ್ನು ಯಾರೂ ಓಟು ಹಾಕಿ ಆರಿಸುವುದಿಲ್ಲ. ನಮ್ಮ ಬೆರಳಿಗೆ ಉಳಿದಿದ್ದ ಒಂದೇ ಓಟು ಇದು. ಅದನ್ನು ನಾವು ಪಾರ್ಲಿಮೆಂಟಿನ ಗತ್ತಿನಲ್ಲಿ ಚಲಾಯಿಸುತ್ತಿದ್ದೆವು.

ಕೈ ಎತ್ತುವುದಕ್ಕೆ ಒಂದು ಸರದಿಯಿತ್ತು. ಮೊದಲ ಶುಕ್ರವಾರ ಮವಾಲೇಹ್, ಆಮೇಲೆ ಮಸ್ಕತ್ತಿನ ಆ ತುದಿಯ ರೂವಿ, ಅನಂತರ ಸೊಹಾರ್, ಕಟ್ಟಕಡೆಗೆ ದೂರದ ಸಲಾಲಾ. ಮವಾಲೇಹ್ ಯಾಕೆ ಮೊದಲು? ಕೂಟದ ದೊಡ್ಡ ಪಾತ್ರೆಗಳು ಇಲ್ಲಿದ್ದವು ಎಂಬುದನ್ನು ಬಿಟ್ಟರೆ ಬೇರೆ ಕಾರಣ ನನಗೆ ತಿಳಿದಿಲ್ಲ. ಆದರೆ ಮೊದಲು ಎಂಬ ಪದಕ್ಕೆ ಏನು ಮಹಿಮೆ ನೋಡಿ. ಅಭ್ಯರ್ಥಿಗಳು ಖುದ್ದಾಗಿ ಬಂದು ಕುಳಿತು ಮಾತಾಡಿಸುತ್ತಿದ್ದುದು ಮವಾಲೇಹ್‌ನಲ್ಲಿ ಮಾತ್ರ. ಉಳಿದ ಕಡೆಯವರು ಫೋನು ಮಾಡಿ ನಮ್ಮ ತೀರ್ಮಾನ ಕೇಳಿಕೊಂಡು ಅದಕ್ಕೇ ಕೈ ಎತ್ತುತ್ತಿದ್ದರು. ಸಲಾಲಾದ ಪ್ರಭಾಕರಣ್ಣನಂತೂ ಅಭ್ಯರ್ಥಿಗಳ ಹೆಸರನ್ನೂ ಕೇಳುತ್ತಿರಲಿಲ್ಲ. "ಮವಾಲೇಹ್ ಯಾರಿಗೆ? ಹಾಂ, ನಮ್ಮದೂ ಅವರಿಗೇ. ಇಲ್ಲಿ ಒಳ್ಳೆ ಗಾಳಿ ಮಾರಾಯ, ಎಳನೀರು ಕುಡಿಯಲಿಕ್ಕೆ ಹೋಗುವುದುಂಟು, ಇಡ್ತೇನೆ."

ಹೀಗಾಗಿ ಮವಾಲೇಹ್‌ನವರಿಗೆ ತಾವು ಬಹಳ ತಿಳಿದವರೆಂಬ ಜಂಬ. ಅದರ ಮುಂದಾಳು ಹಸನಾಕ. ಬಂಟ್ವಾಳದ ಕಡೆಯ ಬ್ಯಾರಿ, ಮಾರುಕಟ್ಟೆಯಲ್ಲಿ ಈರುಳ್ಳಿ ಸಗಟು ವ್ಯಾಪಾರ. ಈರುಳ್ಳಿಯನ್ನು ಒತ್ತಿ ನೋಡಿದಂತೆಯೇ ಅಭ್ಯರ್ಥಿಯನ್ನೂ ಒತ್ತಿ ನೋಡುತ್ತಿದ್ದರು. "ನಿಮ್ಮ ತಾಯಿಮನೆ ಎಲ್ಲಿ ಆಯ್ತು? ವಿಟ್ಲವಾ? ವಿಟ್ಲದಲ್ಲಿ ಪೇಟೆಯಿಂದ ಎಡಕ್ಕಾ ಬಲಕ್ಕಾ?" ಬಲಕ್ಕೆ ಎಂದರೆ ತಲೆಯಾಡಿಸುತ್ತಿದ್ದರು. ಎಡಕ್ಕೆ ಎಂದರೂ ತಲೆಯಾಡಿಸುತ್ತಿದ್ದರು. ಎಡಬಲದಿಂದ ಅವರಿಗೆ ಏನು ಗೊತ್ತಾಗುತ್ತಿತ್ತೋ ನಾನರಿಯೆ, ಆದರೆ ಆ ತಲೆಯಾಡಿಸುವಿಕೆಯನ್ನು ನಾನು ಬಹಳ ಚೆನ್ನಾಗಿ ಮಾಡುತ್ತಿದ್ದೆ.

ಸಭೆ ನಡೆಯುತ್ತಿದ್ದುದು ವಿಮಲಾ ಟೀಚರ ಮನೆಯಲ್ಲಿ, ಯಾಕೆಂದರೆ ಅಷ್ಟು ಜನ ಹಿಡಿಸುವ ಹಾಲ್ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಟೀಚರು ಮೈಸೂರಿನವರು. ಅಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ಗಂಡನ ವೀಸಾದ ಮೇಲೆ ಇಲ್ಲಿಗೆ ಬಂದಿದ್ದರು. ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಕಾರು ಬಿಡಲು ಬಾರದು, ಯಜಮಾನರು ಬರುವುದು ಕತ್ತಲಾದ ಮೇಲೆ. ವಾರದಲ್ಲಿ ಅವರಿಗೆ ತಮ್ಮದು ಎಂದು ಇದ್ದದ್ದು ಗುರುವಾರದ ಸಂಜೆ ಮಾತ್ರ. ಆ ಹೊತ್ತು ಅದೇ ಹಾಲಿನಲ್ಲಿ ಮವಾಲೇಹ್‌ನ ಮಕ್ಕಳಿಗೆ ಕೂಟದ ಲೆಕ್ಕದಲ್ಲಿ ಕನ್ನಡ ಪಾಠ. ಮನೆಯಲ್ಲಿ ಬ್ಯಾರಿ, ತುಳು, ಕೊಂಕಣಿ ಆಡುವ, ನಾವು ಕನ್ನಡದಲ್ಲಿ ಏನು ಕೇಳಿದರೂ "ಐ ಡೋಂಟ್ ನೋ ಅಂಕಲ್" ಎನ್ನುವ ಮಕ್ಕಳು ಅಲ್ಲಿ ಚಾಪೆಯ ಮೇಲೆ ಕುಳಿತು ಒಂದೇ ರಾಗದಲ್ಲಿ ಕಾಗುಣಿತದ ಬಳ್ಳಿ ಒಪ್ಪಿಸುತ್ತಿದ್ದವು. ಆ ದಿನ ಟೀಚರು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಸೆರಗಿಗೆ ಪಿನ್ನು ಹಾಕಿ, ಶಾಲೆಗೆ ಹೊರಟವರಂತೆ ಅಡುಗೆಮನೆಯಿಂದ ಹಾಲಿಗೆ ಬರುತ್ತಿದ್ದರು.

ನಾನು ಹೇಳುತ್ತಿರುವ ವರ್ಷ, ಎಂದರೆ ನಾನು ಬಂದ ಮರುವರ್ಷ, ಅಧ್ಯಕ್ಷಗಿರಿಗೆ ಇಬ್ಬರು ನಿಂತಿದ್ದರು. ಒಬ್ಬರು ಬೆಂಗಳೂರಿನ ರಾಜಶೇಖರ್, ಇಂಜಿನಿಯರು. 'ಬೇಸಿಕಲಿ' ಎಂದು ಶುರು ಮಾಡದೆ ಅವರಿಗೆ ಬಾಯಾರಿಕೆಯನ್ನೂ ಹೇಳಿಕೊಳ್ಳಲು ಬರುತ್ತಿರಲಿಲ್ಲ. ಮಾತಿನ ಮಧ್ಯೆ ಕನ್ನಡಕವನ್ನು ಹಣೆಗೇರಿಸಿ, ಅದು ಎಲ್ಲಿ ಹೋಯಿತೆಂದು ಜೇಬು ಮುಟ್ಟಿಕೊಳ್ಳುತ್ತಿದ್ದರು. ಇನ್ನೊಬ್ಬರು ಕಾಪುವಿನ ಜಗದೀಶ ಶೆಟ್ಟರು, ಊಟ ಸರಬರಾಜಿನ ಕಂಪನಿಯಲ್ಲಿ ಮ್ಯಾನೇಜರು. ಏನೇ ಕೇಳಿ, ಗಂಟಲು ಸರಿಮಾಡಿಕೊಂಡು "ಅದಕ್ಕೆಂತ, ಮಾಡುವ" ಎನ್ನುತ್ತಿದ್ದರು. ನನ್ನಂಥವನಿಗೆ ದೇವರು ಇಬ್ಬರನ್ನೂ ಒಂದೇ ವರ್ಷ ಕೊಟ್ಟಿದ್ದ.

ಸಭೆಯ ದಿನ ಸೋಫಾ ಸರಿಸಲು ನಾನು ಬೇಗನೇ ಹೋಗಿದ್ದೆ. ಟೀಚರು ಪಾಠದ ಎತ್ತರದ ಕಪ್ಪುಹಲಗೆಯನ್ನು ಸೋಫಾದ ಹಿಂದೆ ಗೋಡೆಗೆ ಒರಗಿಸುತ್ತಾ, ನನ್ನ ಕಡೆ ನೋಡದೆ ಹೇಳಿದರು.

"ಈ ಸಲ ಯಾರು ಅಧ್ಯಕ್ಷರಾದ್ರೂ ಕ್ಲಾಸು ರೂವಿಗೆ ಹೋಗುತ್ತಂತೆ ಕಣೋ. ಫೋನಲ್ಲಿ ಯಾರೋ ಅಂದ್ರು. ಅಲ್ಲಿ ಮಕ್ಕಳು ಜಾಸ್ತಿಯಂತೆ."

"ನೀವು ರೂವಿಗೆ ಹೇಗೆ ಹೋಗುವುದು ಟೀಚರ್?"

"ಅದೇ ನಾನೂ ಯೋಚಿಸ್ತಿರೋದು."

"ಇವತ್ತು ಇಬ್ಬರೂ ಬರ್ತಾರಲ್ಲ, ಕೇಳಿಬಿಡಿ."

"ನಾನು ಹೇಗೆ ಕೇಳ್ಲೋ? ಚಹಾ ನಮ್ಮನೇದು."

ಇದೊಂದು ಕಟ್ಟಳೆ, ಮವಾಲೇಹ್ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇರಲಾರದು. ಕೂಟದ ಆರಂಭದ ದಿನಗಳಲ್ಲಿ ಯಾವನೋ ಮನೆಯಾತ ಅಭ್ಯರ್ಥಿಗೆ ಚಹಾ ಕೊಟ್ಟು, ಅವನು ಒಂದು ಗುಟುಕು ನುಂಗುವಷ್ಟರಲ್ಲಿ ಒರಟಾಗಿ ಏನೋ ಕೇಳಿಬಿಟ್ಟನಂತೆ. ಅಭ್ಯರ್ಥಿ ಲೋಟ ಇಟ್ಟು ಎದ್ದೇ ಹೋದನಂತೆ. ಅಂದಿನಿಂದ ಚಹಾ ಕೊಡುವ ಮನೆಯವರು ಪ್ರಶ್ನೆ ಕೇಳುವಂತಿಲ್ಲ, ಕೈಯನ್ನೂ ಎತ್ತುವಂತಿಲ್ಲ. ಹಾಲ್ ದೊಡ್ಡದಿದ್ದ ತಪ್ಪಿಗೆ ಟೀಚರು ಪ್ರತಿವರ್ಷ ಎಲ್ಲರ ಮಾತನ್ನೂ ಕೇಳಿಸಿಕೊಂಡು, ಎಲ್ಲರಿಗೂ ಸಕ್ಕರೆ ಸರಿಯಿದೆಯೇ ಎಂದು ಮಾತ್ರ ಕೇಳುತ್ತಿದ್ದರು.

ಹಸನಾಕ ಜುಮ್ಮಾ ಮುಗಿಸಿ, ಊಟ ಮಾಡಿ, ಒಂದು ನಿದ್ದೆ ತೆಗೆದು ಬಂದ ಮೇಲೆ ಸಭೆ ಶುರುವಾಯಿತು. ಮೊದಲು ರಾಜಶೇಖರ್. ಮವಾಲೇಹ್ ತನ್ನ ಜ್ಞಾನದಾಹವನ್ನೆಲ್ಲ ತೀರಿಸಿಕೊಂಡಿತು. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ, ಆದರೂ ಚಹಾಕ್ಕೆ ಸಕ್ಕರೆ ಬೇಡ, ಲಾಡು ಮಾತ್ರ ಎರಡನೆಯ ಸಲವೂ ಬೇಕು. ಮಾವನ ಮನೆ ತಿಪಟೂರು. ಮಗಳು ವೀಣೆ ಬಿಟ್ಟು ಕೀಬೋರ್ಡಿಗೆ ಸೇರಿದ್ದಾಳೆ. ಅವರು ಹೋದ ಮೇಲೆ ಶೆಟ್ಟರು. ಶೆಟ್ಟರ ಕಾರಿನ ಎ.ಸಿ. ಯಾಕೆ ಕೂಗುತ್ತದೆ, ಶೆಟ್ಟರ ಕಂಪನಿಯ ಮೀನು ಸಾರಿಗೆ ಹುಳಿ ಯಾಕೆ ಕಡಿಮೆ, ಕಾಪುವಿನಲ್ಲಿ ಅವರ ಮನೆಯಿಂದ ಸಮುದ್ರ ಕಾಣುತ್ತದೋ ಕೇಳುತ್ತದೋ. ಶೆಟ್ಟರು ಸೋಫಾಕ್ಕೆ ಚೆನ್ನಾಗಿ ಒರಗಿ ಎಲ್ಲಕ್ಕೂ ಉತ್ತರ ಕೊಟ್ಟರು. ಎದ್ದು ಹೊರಟಾಗ ಅವರ ಕಡುನೀಲಿ ಅಂಗಿಯ ಬೆನ್ನಿನ ಮೇಲೆ ಕ ಖ ಗ ಘ ಎಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡಿತ್ತು, ಸೋಫಾದ ಹಿಂದಿನ ಹಲಗೆಯಲ್ಲಿ ಅಳಿಸದೆ ಉಳಿದಿದ್ದ ಹಿಂದಿನ ದಿನದ ಪಾಠ. ನಾವು ಬಾಯಿಗೆ ಕೈ ಇಟ್ಟು ನಕ್ಕೆವು. ಕಾರು ತಿರುಗುವವರೆಗೂ ನಕ್ಕೆವು. ಆ ಅಕ್ಷರ ಎಲ್ಲಿಂದ ಬಂತೆಂದು ಶೆಟ್ಟರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಕೈ ಎತ್ತುವುದಕ್ಕೆ ಮುಂಚೆ ಇನ್ನೊಂದು ವಾಡಿಕೆಯಿತ್ತು, ಅದು ನನ್ನಿಂದಲೇ ಶುರುವಾದದ್ದು. ಶಿಫ್ಟ್ ಮುಗಿಸಿ ತಡವಾಗಿ ಬಂದವರಿಗೆ ಅಭ್ಯರ್ಥಿಗಳ ಪರಿಚಯವಾಗಬೇಡವೇ? ನಾನು ಸೋಫಾದಲ್ಲಿ ಕುಳಿತು ಅಭ್ಯರ್ಥಿಯಾಗುತ್ತಿದ್ದೆ. ಜನ ಪ್ರಶ್ನೆ ಕೇಳುತ್ತಿದ್ದರು, ನಾನು ಅವರವರ ದನಿಯಲ್ಲಿ ಉತ್ತರ ಕೊಡುತ್ತಿದ್ದೆ. ಆ ದಿನ ಯಾರದೋ ಕನ್ನಡಕ ಇಸಿದುಕೊಂಡು ಹಣೆಗೇರಿಸಿ, "ಬೇಸಿಕಲಿ, ಲಾಡು ಈಸ್ ಎ ಹೋಲಿಸ್ಟಿಕ್ ಫುಡ್" ಎಂದೆ. ಹಸನಾಕ ಕೆಮ್ಮು ಬರುವಷ್ಟು ನಕ್ಕರು. ಆಗ ಅಡುಗೆಮನೆಯ ಬಾಗಿಲಲ್ಲಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ವಿಮಲಾ ಟೀಚರು ಕೇಳಿದರು.

"ರಾಜಶೇಖರ್ ಅವರೇ, ನೀವು ಅಧ್ಯಕ್ಷರಾದ್ರೆ ನಮ್ಮ ಗುರುವಾರದ ಕ್ಲಾಸು ಇಲ್ಲೇ ಇರುತ್ತಾ?"

ಅತಿಥಿಯನ್ನು ಕೇಳಬಾರದೆಂಬ ಕಟ್ಟಳೆ ಇತ್ತೇ ಹೊರತು ಅತಿಥಿಯ ವೇಷದವನನ್ನು ಕೇಳಬಾರದೆಂದು ಯಾರೂ ಹೇಳಿರಲಿಲ್ಲ. ನಾನು "ಬೇಸಿಕಲಿ..." ಎಂದೆ. ಕನ್ನಡಕ ಇಳಿಸಿದೆ. ಮತ್ತೆ ಏರಿಸಿದೆ. ಜೇಬು ಮುಟ್ಟಿಕೊಂಡೆ. ಮುಂದೆ ಬರಲಿಲ್ಲ. ರಾಜಶೇಖರರ ಕೆಮ್ಮು ನನ್ನಲ್ಲಿತ್ತು, ಕುಳಿತುಕೊಳ್ಳುವ ರೀತಿ ಇತ್ತು, ಈ ವಿಷಯದಲ್ಲಿ ಅವರ ಒಂದು ಪದವೂ ಇರಲಿಲ್ಲ.

"ಶೆಟ್ಟರೇ, ನೀವಾದರೂ ಹೇಳಿ" ಎಂದರು ಟೀಚರು.

ಗಂಟಲು ಸರಿಮಾಡಿಕೊಂಡೆ. ಅಲ್ಲೂ ಅಷ್ಟೇ. ಜನ ಮೊದಲು ನಕ್ಕರು, ನಾನು ಆಟ ಕಟ್ಟುತ್ತಿದ್ದೇನೆಂದು. ಆಮೇಲೆ ನಗು ಒಂದೊಂದೇ ಮೂಲೆಯಿಂದ ನಿಂತಿತು.

"ಹಾಗಾದರೆ ಇಷ್ಟು ಹೊತ್ತು ನಾವು ಎಂತ ಕೇಳಿದ್ದು?" ಎಂದರು ಹಸನಾಕ. ಅವರ ಕಿರಿಯ ಮಗಳು ಸಫಿಯಾ ಅದೇ ಕ್ಲಾಸಿನಲ್ಲಿ ಆಗಷ್ಟೇ ಅಕ್ಷರ ಶುರು ಮಾಡಿದ್ದಳು. "ತಿಪಟೂರು ಕೇಳಿ ಆಯ್ತು, ಲಾಡು ಕೇಳಿ ಆಯ್ತು. ಇದು ಯಾರೂ ಕೇಳಲಿಲ್ಲ ಅಲ್ವಾ? ಖಲಾಸ್, ಇವತ್ತು ಕೈ ಎತ್ತುವುದು ಬೇಡ. ಮುಂದಿನ ಶುಕ್ರವಾರ ಇಬ್ಬರನ್ನೂ ಪುನಃ ಕರೆಯುವ."

ಮವಾಲೇಹ್ ಕೈ ಎತ್ತದೆ ಎದ್ದುಹೋದದ್ದು ಅದೇ ಮೊದಲು. ಸಲಾಲಾದಿಂದ ಪ್ರಭಾಕರಣ್ಣನ ಫೋನು ಬಂತು. ಇನ್ನೂ ತೀರ್ಮಾನವಾಗಿಲ್ಲ ಎಂದೆ. "ಹಾಗೆಲ್ಲ ಹೇಳಿದರೆ ನಾವು ಎಂತ ಮಾಡುವುದು ಮಾರಾಯ? ನಾವೇ ಯೋಚನೆ ಮಾಡುವುದಾ?" ಎಂದರು. ದನಿಯಲ್ಲಿ ನಿಜವಾದ ಆತಂಕವಿತ್ತು.

ಮುಂದಿನ ಶುಕ್ರವಾರ ಇಬ್ಬರೂ ಮತ್ತೆ ಬಂದರು, ಈ ಸಲ ಒಟ್ಟಿಗೆ. ಎಲ್ಲರೂ ಕುಳಿತ ಮೇಲೆ ಹಸನಾಕನ ಮನೆಯಿಂದ ಎರಡು ದೊಡ್ಡ ಫ್ಲಾಸ್ಕು ಚಹಾ ಬಂತು, ಲೋಟಗಳೂ ಅಲ್ಲಿಂದಲೇ. ಯಾಕೆಂದು ನನಗೆ ಹೊಳೆಯುವ ಮುಂಚೆಯೇ ಟೀಚರು ಒಳಗಿನಿಂದ ಬಂದು, ಎಲ್ಲರ ಜೊತೆ ಕುರ್ಚಿಯಲ್ಲಿ ಕುಳಿತರು. ಕಾಟನ್ ಸೀರೆ, ಸೆರಗಿಗೆ ಪಿನ್ನು. ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು, "ಚಹಾ ಹಸನಾಕ ಅವರದು. ಅದಕ್ಕೇ ನಾನು ಕೇಳ್ತೀನಿ" ಎಂದು, ಹೋದ ವಾರ ನನ್ನನ್ನು ಕೇಳಿದ್ದನ್ನೇ ಅವರಿಬ್ಬರನ್ನೂ ಕೇಳಿದರು.

ಶೆಟ್ಟರು ಸುತ್ತಮುತ್ತ ನೋಡಿ, "ಕ್ಲಾಸಾ? ಇಲ್ಲಿ ಉಂಟಾ? ಅದಕ್ಕೆಂತ, ಇಲ್ಲಿಯೇ ಇರಲಿ. ಯಾರು ಬೇಡ ಹೇಳಿದ್ದು?" ಎಂದರು.

ರಾಜಶೇಖರ್ ಕನ್ನಡಕವನ್ನು ಹಣೆಗೇರಿಸಲಿಲ್ಲ. "ಮೇಡಂ, ಸುಳ್ಳು ಹೇಳಲ್ಲ. ನಾನು ಬಂದ್ರೆ ರೂವಿಗೆ ಹೋಗುತ್ತೆ. ಅಲ್ಲಿ ಮಕ್ಕಳು ಇಲ್ಲಿಗಿಂತ ಎಷ್ಟೋ ಜಾಸ್ತಿ. ಕಲಿಸೋರು ಒಬ್ಬರೂ ಇಲ್ಲ. ಅವರೂ ಪ್ರತಿವರ್ಷ ಕೇಳ್ತಾನೇ ಇದ್ದಾರೆ, ಅವರ ಮಾತು ಇಲ್ಲಿವರೆಗೂ ಬಂದಿಲ್ಲ ಅಷ್ಟೆ. ನಿಮ್ಮನ್ನ ಕರ್ಕೊಂಡು ಹೋಗಿ ವಾಪಸ್ ಬಿಡೋದು ನನ್ನ ಜವಾಬ್ದಾರಿ" ಎಂದರು.

"ಮತ್ತೆ ನಮ್ಮ ಮಕ್ಕಳು?" ಎಂದರು ಹಸನಾಕ, ಚಹಾ ತಮ್ಮದೆಂಬುದನ್ನು ಮರೆತು.

"ಕಾರಲ್ಲಿ ಎಷ್ಟು ಹಿಡಿಸುತ್ತೋ ಅಷ್ಟು" ಎಂದರು ರಾಜಶೇಖರ್. ಆ ಉತ್ತರಕ್ಕೆ ಯಾರೂ ಓಟು ಹಾಕಲಾರರು.

ಕೈ ಎತ್ತುವ ಹೊತ್ತಿಗೆ ಎಲ್ಲರ ಕಣ್ಣೂ ಟೀಚರ ಕಡೆಗೆ. ಒಳ್ಳೆಯವರು, ಓದಿದವರು, ರೂವಿಯ ಮಕ್ಕಳನ್ನು ನೆನೆದು ತ್ಯಾಗ ಮಾಡುತ್ತಾರೆಂದು ನಾನು ಎಣಿಸಿದ್ದೆ. ಶೆಟ್ಟರ ಹೆಸರು ಹೇಳಿದ್ದೇ ತಡ ಟೀಚರ ಕೈ ಎಲ್ಲಕ್ಕಿಂತ ಮೊದಲು ಮೇಲೆದ್ದಿತು. ಆಮೇಲೆ ಲೋಟ ಎತ್ತಿಡುವಾಗ ಕೇಳಿದೆ. "ನಂಗೆ ನನ್ನ ಕ್ಲಾಸು ಬೇಕು ಕಣೋ" ಎಂದರು. "ನಾಲ್ಕು ವರ್ಷದಿಂದ ಈ ಮನೇಲಿ ಬೇರೆಯವರ ಸಕ್ಕರೆ ನೋಡ್ಕೊಂಡಿದೀನಿ. ರೂವಿಯೋರಿಗೆ ಬೇಕಾದ್ದು ಅವರು ಕೇಳ್ಕೊಳ್ಳಲಿ."

ಕೇಳಿಕೊಂಡರು. ಅದೇ ಆದದ್ದು. ಅದಾದ ಮೇಲಿನ ಶುಕ್ರವಾರ ರೂವಿಯ ಸಭೆಗೆ ನನ್ನನ್ನು ಕರೆದು, ಮವಾಲೇಹ್‌ನಲ್ಲಿ ಇಬ್ಬರೂ ಹೇಳಿದ್ದನ್ನು ಮಾಡಿ ತೋರಿಸು ಎಂದರು. ಈಗ ನನ್ನ ಬಳಿ ಪದಗಳಿದ್ದವಲ್ಲ, ನಾನು ಬಿಟ್ಟೇನೇ? ಕಲಿಸುವವರು ಒಬ್ಬರೂ ಇಲ್ಲ ಎಂದು ರಾಜಶೇಖರರ ದನಿಯಲ್ಲಿ ಹೇಳಿದಾಗ ಮುಂದಿನ ಸಾಲಿನ ತಾಯಂದಿರು ನಗಲಿಲ್ಲ, ಒಬ್ಬರನ್ನೊಬ್ಬರು ನೋಡಿಕೊಂಡರು. ರೂವಿ ಪೂರ್ತಿ ರಾಜಶೇಖರರಿಗೆ. ರೂವಿಯ ಸುದ್ದಿ ಕೇಳಿ ಸೊಹಾರ್ ಕೂಡ. ಯೋಚನೆ ಮಾಡಬೇಕಾಗಿ ಬಂದ ಸಲಾಲಾ ಮಾತ್ರ ಎರಡು ಭಾಗವಾಗಿ, ಪ್ರಭಾಕರಣ್ಣ ಇವತ್ತಿಗೂ ಅದಕ್ಕೆ ನನ್ನನ್ನು ಬೈಯುತ್ತಾರೆ. ಮವಾಲೇಹ್ ಒಂದು ಕಡೆ, ಗೆದ್ದು ಅಧ್ಯಕ್ಷರಾದ ರಾಜಶೇಖರ್ ಇನ್ನೊಂದು ಕಡೆ, ಅಂಥದ್ದು ಹಿಂದೆ ಆದದ್ದಿಲ್ಲ. ಹಸನಾಕ ಮಾರುಕಟ್ಟೆಯ ನಡುವೆ ನನ್ನನ್ನು ನಿಲ್ಲಿಸಿ, "ಓಟು ಶೆಟ್ಟರಿಗೆ, ಗಂಟಲು ರಾಜಶೇಖರನಿಗೆ. ನಿನ್ನನ್ನು ಯಾವ ಗೋಣಿಗೆ ತುಂಬುವುದು ಮಾರಾಯ?" ಎಂದರು.

ಗುರುವಾರ ಬಂತು. ಇಷ್ಟೆಲ್ಲ ಆದ ಮೇಲೆ ಯಾರು ಬರುತ್ತಾರೆಂದು ಟೀಚರು ಮನೆಯ ಸೀರೆಯಲ್ಲೇ ಇದ್ದರು. ಕೆಳಗೆ ಹಾರ್ನು ಕೇಳಿಸಿತು. ರಾಜಶೇಖರ್ ಹೊಸ ಕಾರಿನ ಸೀಟುಗಳ ಪ್ಲಾಸ್ಟಿಕ್ಕನ್ನೂ ತೆಗೆಯದೆ ಬಂದಿದ್ದರು. ಯಾರನ್ನು ಸೋಲಿಸಲು ತಾವು ಕೈ ಎತ್ತಿದ್ದರೋ ಅದೇ ಮನುಷ್ಯ ಕಾರಿನ ಬಾಗಿಲು ತೆರೆದು ನಿಂತಾಗ ಏನು ಮಾತಾಡುವುದು? ಟೀಚರು ಬಾಲ್ಕನಿಯಿಂದ, "ಹತ್ತು ನಿಮಿಷ ರಾಜಶೇಖರ್ ಅವರೇ, ಸೀರೆ ಬದಲಾಯಿಸಿ ಬರ್ತೀನಿ" ಎಂದರು. ಆ ವರ್ಷವಿಡೀ ಹೀಗೆ. ಹಿಂದಿನ ಸೀಟಿನಲ್ಲಿ ಮವಾಲೇಹ್‌ನ ಮಕ್ಕಳು ಒಬ್ಬರ ಮೇಲೊಬ್ಬರು, ಅವರ ನಡುವೆ ಟೀಚರು, ಜಾಗ ಉಳಿದರೆ ಮುಂದೆ ನಾನು. ಸಂಜೆಯ ಹೆದ್ದಾರಿಯಲ್ಲಿ ಕಾರುಗಳ ಸಾಲು ನಿಂತಾಗ ಮಕ್ಕಳು ಅಂಗಡಿಯ ಬೋರ್ಡುಗಳನ್ನು ಓದಿ, ಅದನ್ನೇ ಕನ್ನಡದಲ್ಲಿ ನನ್ನ ಸೀಟಿನ ಪ್ಲಾಸ್ಟಿಕ್ಕಿನ ಮೇಲೆ ಬೆರಳಿಂದ ಗೀಚುತ್ತಿದ್ದವು. ಬೆನ್ನಿಗೆ ಆ ಅಕ್ಷರಗಳು ತಾಗುತ್ತಿದ್ದವು. ಟೀಚರು ತಿದ್ದುತ್ತಿದ್ದರು, "ಅದು ಒತ್ತಕ್ಷರ, ಜೋರಾಗಿ ಒತ್ತು." ಅವರು ಅಷ್ಟು ನಕ್ಕದ್ದನ್ನು ಮವಾಲೇಹ್‌ನ ಆ ಹಾಲಿನಲ್ಲಿ ನಾನು ಕಂಡಿರಲಿಲ್ಲ. ಇದನ್ನು ಹಸನಾಕನ ಎದುರು ಯಾರೂ ಹೇಳಬಾರದು. ಮವಾಲೇಹ್ ಸರಿಯಾಗಿಯೇ ಕೈ ಎತ್ತಿತ್ತು ಎಂಬುದು ಅವರ ಇಂದಿನ ಅಭಿಪ್ರಾಯವೂ ಹೌದು.

ಹೋದ ನವೆಂಬರಿನಲ್ಲಿ ಟೀಚರ ಯಜಮಾನರ ಕಾಂಟ್ರ್ಯಾಕ್ಟು ಮುಗಿದು ಇಬ್ಬರೂ ಮೈಸೂರಿಗೆ ಹೊರಟುಹೋದರು. ರಾಜಶೇಖರ್ ಈಗ ಸೊಹಾರ್‌ನಲ್ಲಿದ್ದಾರೆ. ಹೋದ ಶುಕ್ರವಾರ ಈ ವರ್ಷದ ಅಭ್ಯರ್ಥಿಗಳು ಮವಾಲೇಹ್‌ಗೆ ಬಂದಿದ್ದರು. ಹಸನಾಕ ತಾಯಿಮನೆ ಕೇಳಲಿಲ್ಲ. "ಟೀಚರು ಇಲ್ಲ. ಕ್ಲಾಸು ಯಾರು ಮಾಡುವುದು?" ಎಂದರು. ಅಭ್ಯರ್ಥಿಗಳಿಬ್ಬರೂ ನಮ್ಮನ್ನೇ ನೋಡಿದರು. ನಾವು ನೆಲ ನೋಡಿದೆವು. ಆಗ ಒಂದು ಕೈ ಮೇಲೆ ಹೋಯಿತು. ಯಾರದೆಂದು ನೋಡಿದರೆ ನನ್ನದೇ.

"ಇವನಾ?" ಎಂದರು ಹಸನಾಕ. "ಇವ ಎಂತ ಕಲಿಸುವುದು, ಕತ್ತೆಯ ಸ್ವರವಾ?"

ನಿನ್ನೆ ಗುರುವಾರ ಮೊದಲ ಪಾಠ. ಹಸನಾಕ ಬೈದುಕೊಂಡೇ ತಮ್ಮ ಈರುಳ್ಳಿ ವ್ಯಾನಿನಲ್ಲಿ ಮಕ್ಕಳನ್ನು ರೂವಿಗೆ ತಂದು ಇಳಿಸಿದರು. ನಾನು ಬೋರ್ಡಿನ ಮೇಲೆ ಒಂದು ಸಣ್ಣ ಕತೆ ಬರೆದು, ಹಸನಾಕನ ಕಿರಿಮಗಳು ಸಫಿಯಾಳಿಗೆ ಓದು ಎಂದೆ. ಈಗ ಅವಳಿಗೆ ಹತ್ತು ವರ್ಷ. ನೆಲ ನೋಡುತ್ತಾ "ಐ ಕಾಂಟ್, ಸರ್" ಎಂದಳು. ಎಷ್ಟು ಹೇಳಿದರೂ ಅಷ್ಟೇ. ಸೀಮೆಸುಣ್ಣ ತರುವ ನೆಪದಲ್ಲಿ ಹೊರಗೆ ಹೋಗಿ ಉಸಿರು ಬಿಟ್ಟೆ. ಮರಳಿ ಬಂದಾಗ ಮುಚ್ಚಿದ ಬಾಗಿಲ ಆಚೆ ಯಾರೋ ಗಂಡಸು ಪಾಠ ಮಾಡುತ್ತಿದ್ದ. "ಅಲ್ಲ ಮಕ್ಕಳೇ, ವಿಷಯ ಎಂತ ಗೊತ್ತುಂಟಾ..." ಎಂದು ರಾಗ ಎಳೆಯುತ್ತಿದ್ದ. ಎಂಥ ತಲೆಹರಟೆ ಎಂದುಕೊಂಡೆ. ಬಾಗಿಲ ಸಂದಿಯಲ್ಲಿ ನೋಡಿದರೆ ಸಫಿಯಾ. ಕಿವಿಯ ತುದಿ ಎಳೆದುಕೊಳ್ಳುತ್ತಾ, ಒಂದು ಭುಜ ಕೆಳಗೆ ಹಾಕಿ ಬೋರ್ಡಿನ ಮುಂದೆ ಅಡ್ಡಾಡುತ್ತಿದ್ದಳು. ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡಿದು ನಗುತ್ತಿತ್ತು. ಇಡೀ ಮಸ್ಕತ್ತನ್ನು ಗಂಟಲಲ್ಲಿ ಇಟ್ಟುಕೊಂಡ ನನಗೆ ನಾನು ಕಿವಿ ಎಳೆದುಕೊಳ್ಳುತ್ತೇನೆಂಬುದು ಗೊತ್ತಿರಲಿಲ್ಲ.

ಒಳಗೆ ಹೋದೆ. ಅವಳು ಕೈ ಕೆಳಗೆ ಹಾಕಿ ಕಲ್ಲಾದಳು.

"ಚೆನ್ನಾಗಿ ಮಾಡ್ತೀ. ಇನ್ನೊಮ್ಮೆ ಮಾಡು" ಎಂದೆ. "ಆದರೆ ಬೋರ್ಡಿನಲ್ಲಿ ಇರುವುದನ್ನು ಮಾತ್ರ ಹೇಳಬೇಕು."

ಅವಳು ನನ್ನ ಮುಖ ನೋಡಿದಳು. ತಮಾಷೆಯಲ್ಲ ಎಂದು ಖಾತ್ರಿ ಮಾಡಿಕೊಂಡು, ಕಿವಿ ಎಳೆದುಕೊಂಡು, ಭುಜ ಕೆಳಗೆ ಹಾಕಿ, ನನ್ನ ದನಿಯಲ್ಲಿ ಕತೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ.